ಶೆಡ್ಡಿಗೆ ಕ್ರೇನ್ ಹಾಕಿಸುವ ಮುಂಚೆ: ಟನ್ ಕೇಳುವುದಕ್ಕಿಂತ ಮೊದಲು ನೋಡಬೇಕಾದದ್ದು

"5 ಟನ್ ಕ್ರೇನ್‌ಗೆ ಎಷ್ಟಾಗುತ್ತೆ ಸಾರ್?" ಕ್ರೇನ್ ಮಾಡುವವರ ಆಫೀಸಿಗೆ ಬರುವ ಫೋನುಗಳು ಸಾಮಾನ್ಯವಾಗಿ ಹೀಗೇ ಶುರುವಾಗುತ್ತವೆ. ಟನ್ ಹೇಳಿದರೆ ರೇಟೂ ಬರುತ್ತದೆ. ಮೂರು ಕೊಟೇಶನ್ ತರಿಸಿ, ಕಡಿಮೆ ಇದ್ದವರಿಗೆ ಅಡ್ವಾನ್ಸ್ ಕೊಟ್ಟರೆ ಮುಗಿಯಿತು ಅನ್ನಿಸುತ್ತದೆ. ಆದರೆ ಆ ರೇಟಿನಲ್ಲಿ ನಿಮ್ಮ ಶೆಡ್ಡಿನ ಕಂಬದ ವಿಷಯ ಇರುವುದಿಲ್ಲ. ದಿನಕ್ಕೆ ಎಷ್ಟು ಸಲ ಎತ್ತುತ್ತೀರಿ ಅನ್ನುವುದೂ ಇರುವುದಿಲ್ಲ.

ನಿಜ ಹೇಳಬೇಕೆಂದರೆ ಟನ್ ಲೆಕ್ಕ ಎಲ್ಲಕ್ಕಿಂತ ಸುಲಭದ್ದು. ದುಡ್ಡು ಹಾಳಾಗುವುದು ಬೇರೆ ಎರಡು ಕಡೆ. ಶೆಡ್ಡು ತಡೆಯುತ್ತದಾ ಅಂತ ಕೇಳದೆ ಇದ್ದಾಗ, ಮತ್ತು ಡ್ಯೂಟಿ ಕ್ಲಾಸ್, ಅಂದರೆ ಕ್ರೇನ್ ಎಷ್ಟು ಕೆಲಸ ತಡೆಯುತ್ತದೆ ಅನ್ನುವ ದರ್ಜೆ, ನೋಡದೆ ಇದ್ದಾಗ. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ದಾಬಸ್‌ಪೇಟೆ, ಹಾರೋಹಳ್ಳಿ ಕಡೆ ಸಣ್ಣ, ಮಧ್ಯಮ ಫ್ಯಾಕ್ಟರಿ ನಡೆಸುವವರಿಗೆ ಅಂತ ಇದನ್ನು ಬರೆದಿದ್ದೇನೆ. ದೊಡ್ಡ ಕಂಪನಿಗಳಿಗೆ ಇದನ್ನೆಲ್ಲ ನೋಡಿಕೊಳ್ಳಲು ಪ್ರಾಜೆಕ್ಟ್ ಡಿಪಾರ್ಟ್‌ಮೆಂಟ್ ಇರುತ್ತದೆ. ನಮ್ಮಲ್ಲಿ ಓನರ್ರೇ ಎಲ್ಲ ಅಲ್ವಾ.

1. ಏನೇನು ಎತ್ತುತ್ತೀರಿ, ಬರೆದಿಡಿ

ಒಂದು ವಾರ ಸೂಪರ್‌ವೈಸರ್ ಕೈಗೆ ಒಂದು ನೋಟ್‌ಬುಕ್ ಕೊಡಿ. ಏನು ಎತ್ತಿದರು, ಎಲ್ಲಿಂದ ಎಲ್ಲಿಗೆ, ತೂಕ ಎಷ್ಟು, ಎಷ್ಟು ಸಲ. ಇಷ್ಟೇ. ಚೈನ್ ಬ್ಲಾಕ್‌ನಲ್ಲಿ ಎತ್ತಿದ್ದು, ಫೋರ್ಕ್‌ಲಿಫ್ಟ್‌ನಲ್ಲಿ ತಂದಿದ್ದು, ನಾಲ್ಕು ಜನ ಸೇರಿ ಹೊತ್ತದ್ದು ಎಲ್ಲವೂ ಇರಲಿ. ಮುಂದಿನ ಎಲ್ಲ ತೀರ್ಮಾನಕ್ಕೂ ಈ ಪುಸ್ತಕವೇ ಆಧಾರ.

ತೂಕವನ್ನು ಅಂದಾಜಿನಲ್ಲಿ ಬರೆಯಬೇಡಿ. ರೌಂಡ್ ಬಾರ್‌ಗೆ ನಮ್ಮ ಶಾಪ್‌ಗಳಲ್ಲಿ ಎಲ್ಲರಿಗೂ ಬಾಯಿಪಾಠ ಇರುವ ಲೆಕ್ಕ ಇದೆ: ಡಯಾ ಸ್ಕ್ವೇರ್ ಬೈ 162. 100 ಎಂಎಂ ಬಾರ್ ಅಂದರೆ 10,000 ಭಾಗಿಸು 162, ಮೀಟರಿಗೆ ಸುಮಾರು 62 ಕೆಜಿ. 6 ಮೀಟರ್ ಉದ್ದದ ಒಂದು ಬಾರ್ 370 ಕೆಜಿ. ಬ್ಲಾಕ್ ಅಥವಾ ಪ್ಲೇಟ್ ಆದರೆ ಉದ್ದ, ಅಗಲ, ಎತ್ತರ ಮೂರನ್ನೂ ಮೀಟರಿನಲ್ಲಿ ಗುಣಿಸಿ, ಮತ್ತೆ 7,850ರಿಂದ ಗುಣಿಸಿ. 600 ಬೈ 500 ಬೈ 450 ಎಂಎಂನ ಒಂದು ಮೋಲ್ಡ್ ನೋಡಲು ಚಿಕ್ಕದು. ಲೆಕ್ಕ ಹಾಕಿದರೆ 1,060 ಕೆಜಿ ಬರುತ್ತದೆ. ಟೇಬಲ್ ಮೇಲೆ ಕೂರುವ ಸಾಮಾನು, 1 ಟನ್ ಹಾಯ್ಸ್ಟ್‌ಗೆ (ಹುಕ್ಕನ್ನು ಮೇಲೆ ಕೆಳಗೆ ಮಾಡುವ ಯಂತ್ರ) ಓವರ್‌ಲೋಡ್! ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಯವರು 7,850ರ ಬದಲು 2,700 ಹಾಕಿಕೊಳ್ಳಬಹುದು. ಎರಡೂವರೆ ಮೀಟರ್ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ ಕಲ್ಲು 15 ಟನ್ ದಾಟುತ್ತದೆ.

ಹುಕ್ಕಿನ ಕೆಳಗೆ ತಗಲಿಸುವ ಎಲ್ಲವೂ ತೂಕವೇ. ಸ್ಪ್ರೆಡರ್ ಬೀಮ್, ಮ್ಯಾಗ್ನೆಟ್, ಚೈನ್ ಸ್ಲಿಂಗ್, ಶ್ಯಾಕಲ್ ಎಲ್ಲ ಸೇರಿಸಿ. 4.6 ಟನ್ ಜಾಬ್‌ಗೆ (ಎತ್ತುವ ಸಾಮಾನಿಗೆ) ಅರ್ಧ ಟನ್ ಬೀಮ್ ಹಾಕಿದರೆ 5 ಟನ್ ಕ್ರೇನ್ ಸಾಲದು.

ಪುಸ್ತಕದಲ್ಲಿ ಅತಿ ದೊಡ್ಡ ತೂಕ ಯಾವುದು ಅಂತ ನೋಡಿ. ಅದು ವರ್ಷಕ್ಕೆ ಒಂದೆರಡು ಸಲ ಬರುವುದಾದರೆ ಅದಕ್ಕಾಗಿ ಕ್ರೇನ್ ದೊಡ್ಡದು ಮಾಡಬೇಡಿ. ಐಮ್‌ಟೆಕ್ಸ್ ಮಷೀನ್ ಪ್ರದರ್ಶನದಲ್ಲಿ 8 ಟನ್ ಮಷೀನ್ ಬುಕ್ ಮಾಡಿ ಬಂದವರು ಅದನ್ನು ಇಳಿಸಲು ಅಂತ ಹೇಳಿ 10 ಟನ್ ಕ್ರೇನ್ ವಿಚಾರಿಸುತ್ತಾರೆ. ಮಷೀನ್ ಇಳಿಸುವುದು ಒಂದು ದಿನದ ಕೆಲಸ. ಹೈಡ್ರಾ (ಚಕ್ರದ ಮೇಲೆ ಓಡುವ ಮೊಬೈಲ್ ಕ್ರೇನ್) ಬಾಡಿಗೆಗೆ ಕರೆಸಿ, ಅನುಭವ ಇರುವ ಇರೆಕ್ಷನ್ ಟೀಮ್‌ಗೆ ಬಿಡಿ. ಆಮೇಲೆ ದಿನಾ ಎತ್ತುವುದು 800 ಕೆಜಿಯ ಫಿಕ್ಸ್‌ಚರ್ ತಾನೇ? ಆದರೆ ಹೈಡ್ರಾವನ್ನೇ ದಿನನಿತ್ಯದ ಕ್ರೇನ್ ಮಾಡಿಕೊಳ್ಳಬೇಡಿ. ಲೋಡ್ ತೂಗಾಡಿಸಿಕೊಂಡು ಓಡುವ ಗಾಡಿ ಅದು. ಡ್ರೈವರ್‌ಗೆ ಮುಂದಿನದು ಸರಿಯಾಗಿ ಕಾಣುವುದಿಲ್ಲ.

2. ಸಾಮಾನು ಓಡಾಡುವ ದಾರಿ ನೋಡಿ

ಶೆಡ್ಡಿನ ಪ್ಲಾನ್ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಒಂದೇ ಮಷೀನ್ ಸುತ್ತ ಸುತ್ತಿದರೆ ಜಿಬ್ ಕ್ರೇನ್ (ಒಂದು ಕಂಬ, ಅದರಿಂದ ಚಾಚಿ ತಿರುಗುವ ಒಂದು ಕೈ) ಸಾಕು. ಒಂದೇ ಸಾಲಿನಲ್ಲಿ ಹೋಗಿ ಬಂದರೆ ಮಾನೋರೈಲ್ (ಒಂದೇ ಬೀಮ್ ಉದ್ದಕ್ಕೆ ಓಡುವ ಹಾಯ್ಸ್ಟ್) ಸಾಕು. ಶೆಡ್ಡಿನ ಮೂಲೆ ಮೂಲೆಗೂ ಬೇಕಿದ್ದರೆ ಮಾತ್ರ ಇಒಟಿ, ಅಂದರೆ ತಲೆ ಮೇಲೆ ಎರಡು ಹಳಿಗಳ ಮೇಲೆ ಓಡುವ ಕರೆಂಟಿನ ಓವರ್‌ಹೆಡ್ ಕ್ರೇನ್. ಹೊರಗಿನ ಯಾರ್ಡಿನಲ್ಲಿ ಕಲ್ಲು, ಕಾಯಿಲ್, ಸ್ಟ್ರಕ್ಚರ್ ಎತ್ತುವುದಾದರೆ ನೆಲದ ಮೇಲಿನ ಹಳಿಯಲ್ಲಿ ಓಡುವ ಗೋಲಿಯತ್.

ಸಿಎನ್‌ಸಿ ಜಾಬ್‌ವರ್ಕ್ ಮಾಡುವ ಎಷ್ಟೋ ಶಾಪ್‌ಗಳಿಗೆ ದೊಡ್ಡ ಇಒಟಿ ಒಂದರ ಬದಲು ಅರ್ಧ ಟನ್ನಿನ ಎರಡು ಜಿಬ್ ಹಾಕಿದರೆ ಕೆಲಸ ಜಾಸ್ತಿ ಆಗುತ್ತದೆ. ಯಾಕೆಂದರೆ ಇಒಟಿ ಒಂದೇ ಇರುತ್ತದೆ, ಕಾಯುವ ಮಷೀನ್ ನಾಲ್ಕು ಇರುತ್ತವೆ. ಆಪರೇಟರ್ ಪೆಂಡೆಂಟ್ (ಕ್ರೇನಿನಿಂದ ನೇತಾಡುವ ಬಟನ್ ಡಬ್ಬಿ) ಹಿಡಿದುಕೊಂಡು "ಬಿಡ್ರೀ, ನಂದಿನ್ನೂ ಆಗಿಲ್ಲ" ಅನ್ನುವ ಜಗಳ ಬೇಡ ಅನ್ನಿಸಿದರೆ ಇದನ್ನು ಯೋಚಿಸಿ.

ಜಿಬ್ ಬಗ್ಗೆ ಒಂದು ಎಚ್ಚರಿಕೆ. 1 ಟನ್ನಿನ ಜಿಬ್, ಕೈ 4 ಮೀಟರ್ ಅಂದುಕೊಳ್ಳಿ. ಕೈ ತುದಿಯಲ್ಲಿ ಲೋಡ್ ಇದ್ದಾಗ ಬುಡವನ್ನು 4 ಟನ್ ಮೀಟರ್ ಬಲ ಬಗ್ಗಿಸುತ್ತಿರುತ್ತದೆ, ಕೈಯ ಸ್ವಂತ ತೂಕ ಬೇರೆ. ಅದನ್ನು ಸುಮ್ನೆ ಶಾಪ್ ಫ್ಲೋರಿನ ಕಾಂಕ್ರೀಟಿಗೆ ಆಂಕರ್ ಬೋಲ್ಟ್ ಹೊಡೆದು ನಿಲ್ಲಿಸಲು ಆಗುವುದಿಲ್ಲ. ಪ್ರತ್ಯೇಕ ಪಾಯ ಬೇಕು. ಶೆಡ್ಡಿನ ಕಂಬಕ್ಕೇ ಜಿಬ್ ಕಟ್ಟಿಬಿಡೋಣ ಅನ್ನುವವರು ಮುಂದಿನ ಭಾಗವನ್ನು ಎರಡು ಸಲ ಓದಿ.

3. ಶೆಡ್ಡು ತಡೆಯುತ್ತದಾ?

ಬೆಂಗಳೂರಿನಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಪೀಣ್ಯದ ಹಳೆಯ ಶೆಡ್ಡುಗಳು ಹೆಚ್ಚಿನವು ಶೀಟ್ ಮತ್ತು ಟ್ರಸ್ ಹೊರಲು ಕಟ್ಟಿದವು. ಕಂಬ ಗಟ್ಟಿಯಾಗಿ ಕಾಣುತ್ತದೆ, ನಿಜ. ಆದರೆ ಚಾವಣಿಯ ಭಾರ ನೇರ ಕೆಳಗೆ ಇಳಿಯುತ್ತದೆ. ಕ್ರೇನಿನ ಭಾರ ಹಾಗಲ್ಲ. ಅದು ಕಂಬದಿಂದ ಹೊರಗೆ ಚಾಚಿದ ಬ್ರ್ಯಾಕೆಟ್ ಮೇಲೆ ಕೂರುತ್ತದೆ, ಓಡಾಡುತ್ತದೆ, ಬ್ರೇಕ್ ಹಾಕಿದಾಗ ಪಕ್ಕಕ್ಕೆ ತಳ್ಳುತ್ತದೆ.

ಒಂದು ಲೆಕ್ಕ ಮಾಡೋಣ. 5 ಟನ್ ಸಿಂಗಲ್ ಗರ್ಡರ್ (ಒಂದೇ ಅಡ್ಡ ತೊಲೆಯ) ಇಒಟಿ, ಸ್ಪ್ಯಾನ್ (ಎರಡು ಹಳಿಗಳ ನಡುವಿನ ಅಂತರ) 12 ಮೀಟರ್. ಬ್ರಿಡ್ಜ್ (ಆ ತೊಲೆ, ಅದರ ಚಕ್ರ ಎಲ್ಲ ಸೇರಿ) ತೂಕ ಮೂರೂವರೆ ಟನ್, ಹಾಯ್ಸ್ಟ್ ಅರ್ಧ ಟನ್ ಅಂತ ಇಟ್ಟುಕೊಳ್ಳಿ. ಹಾಯ್ಸ್ಟ್ ಲೋಡ್ ಸಮೇತ ಒಂದು ತುದಿಗೆ, ಹಳಿಯಿಂದ 1 ಮೀಟರ್ ಹತ್ತಿರಕ್ಕೆ ಬಂದಿದೆ. ಆಗ ಲೋಡು ಮತ್ತು ಹಾಯ್ಸ್ಟ್ ಸೇರಿದ ಐದೂವರೆ ಟನ್ನಿನಲ್ಲಿ 12ಕ್ಕೆ 11 ಪಾಲು ಆ ಬದಿಯ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಒಂದು ಚಕ್ರಕ್ಕೆ 2.52 ಟನ್. ಬ್ರಿಡ್ಜ್ ತೂಕದ ಕಾಲು ಭಾಗ 0.88 ಸೇರಿಸಿ. 3.4 ಟನ್ ಆಯಿತು. ಕರೆಂಟಿನ ಓವರ್‌ಹೆಡ್ ಕ್ರೇನ್‌ಗೆ ಕೆಳಮುಖ ಭಾರದ ಮೇಲೆ 25 ಪರ್ಸೆಂಟ್ ಇಂಪ್ಯಾಕ್ಟ್ ಸೇರಿಸಬೇಕು ಅನ್ನುತ್ತದೆ ಭಾರತೀಯ ಸ್ಟ್ಯಾಂಡರ್ಡ್. ಅಲ್ಲಿಗೆ 4.25 ಟನ್ ಹತ್ತಿರ, ಅದೂ ಒಂದೇ ಚಕ್ರಕ್ಕೆ. ಅಂಥ ಎರಡು ಚಕ್ರ ಅಕ್ಕಪಕ್ಕ ಇರುತ್ತವೆ. ಇದರ ಜೊತೆಗೆ ಟ್ರಾಲಿ (ತೊಲೆ ಮೇಲೆ ಓಡುವ ಹಾಯ್ಸ್ಟ್) ಮತ್ತು ಲೋಡಿನ ತೂಕದ 10 ಪರ್ಸೆಂಟ್ ಅಡ್ಡಕ್ಕೆ ತಳ್ಳುತ್ತದೆ, ಚಕ್ರಭಾರದ 5 ಪರ್ಸೆಂಟ್ ಹಳಿಯುದ್ದಕ್ಕೆ.

ಈ ಲೆಕ್ಕ ನೀವು ಮಾಡಬೇಕಿಲ್ಲ. ಆದರೆ "ಮ್ಯಾಕ್ಸಿಮಮ್ ವೀಲ್ ಲೋಡ್ ಎಷ್ಟು?" ಅಂತ ಕ್ರೇನ್‌ನವರನ್ನು ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ಆ ನಂಬರನ್ನು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕೈಗೆ ಕೊಡಿ. ಕ್ರೇನ್ ಮಾರುವವರ ಎಂಜಿನಿಯರ್ ಬೇಡ, ನೀವು ದುಡ್ಡು ಕೊಡುವ ಎಂಜಿನಿಯರ್. ಅವರು ಕಂಬ, ಬ್ರ್ಯಾಕೆಟ್, ಬೇಸ್ ಪ್ಲೇಟ್, ಪಾಯ ನಾಲ್ಕನ್ನೂ ನೋಡಬೇಕು. ಗ್ಯಾಂಟ್ರಿ ಗರ್ಡರ್ (ಕಂಬದಿಂದ ಕಂಬಕ್ಕೆ ಹಳಿ ಹೊರುವ ಬೀಮ್) ಎಷ್ಟು ಬಾಗಬಹುದು ಅನ್ನುವುದಕ್ಕೂ ಮಿತಿ ಇದೆ. ಐಎಸ್ 800ರ ಪ್ರಕಾರ 50 ಟನ್‌ವರೆಗಿನ ಎಲೆಕ್ಟ್ರಿಕ್ ಕ್ರೇನ್‌ಗೆ ಎರಡು ಕಂಬಗಳ ನಡುವಿನ ಅಂತರದ 750ನೇ ಒಂದು ಭಾಗ. ಕಂಬಗಳ ಮಧ್ಯೆ 6 ಮೀಟರ್ ಇದ್ದರೆ 8 ಎಂಎಂ. ಜಾಸ್ತಿ ಬಾಗಿದರೆ ಕ್ರೇನ್ ಓರೆ ಓಡುತ್ತದೆ, ಚಕ್ರದ ಫ್ಲ್ಯಾಂಜ್ ತಿಂದುಹೋಗುತ್ತದೆ.

ಟ್ರಸ್‌ಗೆ ಐ ಬೀಮ್ ನೇತುಹಾಕಿ ಮಾನೋರೈಲ್ ಮಾಡುವ ಕೆಲಸವಂತೂ ಬೇಡವೇ ಬೇಡ. ಟ್ರಸ್ ಡಿಸೈನ್‌ನಲ್ಲೇ ಆ ಭಾರ ಸೇರಿದ್ದರೆ ಮಾತು ಬೇರೆ. ಬೊಮ್ಮಸಂದ್ರ, ಹಾರೋಹಳ್ಳಿ ಕಡೆಯ ಹೊಸ ಪ್ರೀ ಎಂಜಿನಿಯರ್ಡ್ ಶೆಡ್ಡುಗಳನ್ನು ಕಬ್ಬಿಣ ಉಳಿಸಲು ಲೆಕ್ಕ ಹಾಕಿಯೇ ಕಟ್ಟಿರುತ್ತಾರೆ. ಹೇಳದೆ ಹಾಕುವ ಭಾರಕ್ಕೆ ಅಲ್ಲಿ ಜಾಗವೇ ಇಲ್ಲ. ಹೊಸ ಶೆಡ್ಡು ಕಟ್ಟಿಸುತ್ತಿದ್ದೀರಾ? ಕ್ರೇನ್ ಈಗ ಬೇಡದಿದ್ದರೂ ಮುಂದೆ ಹಾಕುವ ಟನ್ನಿಗೆ ಕಂಬ ಮತ್ತು ಪಾಯ ಡಿಸೈನ್ ಮಾಡಿಸಿಡಿ. ಆಮೇಲೆ ಬಲಪಡಿಸುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಬಾಡಿಗೆ ಶೆಡ್ಡಿನವರಿಗೆ ನನ್ನ ಸಲಹೆ ಒಂದೇ: ಶೆಡ್ಡನ್ನು ಮುಟ್ಟಬೇಡಿ. ಕ್ರೇನಿಗೇ ಬೇರೆ ಕಂಬ ನಿಲ್ಲಿಸಿ, ಅವಕ್ಕೆ ಬೇರೆ ಪಾಯ ಹಾಕಿಸಿ, ಎಲ್ಲವನ್ನೂ ಬೋಲ್ಟ್‌ನಲ್ಲೇ ಜೋಡಿಸಿ. ಖರ್ಚು ಜಾಸ್ತಿ, ಎರಡೂ ಬದಿ ಸ್ವಲ್ಪ ಜಾಗವೂ ಹೋಗುತ್ತದೆ. ಆದರೆ ಶೆಡ್ಡು ಖಾಲಿ ಮಾಡುವಾಗ ಕ್ರೇನ್ ನಿಮ್ಮ ಜೊತೆ ಬರುತ್ತದೆ. ನೆಲ ಅಗೆಯಲು ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಡ್ವಾನ್ಸ್ ವಾಪಸ್ ಕೇಳುವ ದಿನ ಮರೆತುಹೋಗಿರುತ್ತದೆ.

ಇನ್ನು ಎತ್ತರ. ನೆಲದಿಂದ ಟ್ರಸ್ ಕೆಳಗಿನವರೆಗೆ 6 ಮೀಟರ್ ಇದ್ದರೆ 6 ಮೀಟರ್ ಎತ್ತಬಹುದು ಅಂತಲ್ಲ. ಮೇಲಿನ ಕ್ಲಿಯರೆನ್ಸ್, ಗರ್ಡರ್, ಅದರ ಕೆಳಗೆ ನೇತಾಡುವ ಹಾಯ್ಸ್ಟ್ ಎಲ್ಲ ಸೇರಿ ಒಂದೂವರೆ ಮೀಟರ್ ಆಸುಪಾಸು ಹೋಗುತ್ತದೆ. ಹುಕ್ ನಾಲ್ಕೂವರೆ ಮೀಟರಿಗೆ ನಿಲ್ಲುತ್ತದೆ. ಸ್ಲಿಂಗ್‌ಗೆ 1 ಮೀಟರ್ ತೆಗೆಯಿರಿ. ಜಾಬ್ 1 ಮೀಟರ್ ಎತ್ತರ ಇದ್ದರೆ ಅದರ ತಳ ಎರಡೂವರೆ ಮೀಟರಿನಲ್ಲಿ ಇರುತ್ತದೆ. ನಿಮ್ಮ ವಿಎಂಸಿ ಮಷೀನ್ 2.7 ಮೀಟರ್ ಎತ್ತರ ಇದೆ ಅಂದುಕೊಳ್ಳಿ. ದಾಟುವುದಿಲ್ಲ! ಲೋಡನ್ನು ಮಷೀನ್ ಮೇಲೆ, ಜನರ ತಲೆ ಮೇಲೆ ಹಾಯಿಸಬಾರದು ಅನ್ನುವುದು ಹೇಗೂ ಇದ್ದೇ ಇದೆ. ಹಾಗಾಗಿ ನಡುವೆ ಖಾಲಿ ದಾರಿ ಬಿಡಲೇಬೇಕು.

ಎತ್ತರ ಸಾಲದಿದ್ದಾಗ ಡಬಲ್ ಗರ್ಡರ್ ನೆನಪಾಗಬೇಕು. ಅದರಲ್ಲಿ ಹಾಯ್ಸ್ಟ್ ಎರಡು ಗರ್ಡರ್‌ಗಳ ಮೇಲೆ ಕೂರುತ್ತದೆ, ಹುಕ್ ಅವುಗಳ ನಡುವೆ ಮೇಲಕ್ಕೆ ಬರುತ್ತದೆ. ಓಡಾಡಿ ರಿಪೇರಿ ಮಾಡಲು ಪ್ಲಾಟ್‌ಫಾರ್ಮ್ ಕೂಡ ಹಾಕಬಹುದು. ಆದರೆ ಅದು ಭಾರ ಜಾಸ್ತಿ, ಅಂದರೆ ಮತ್ತೆ ಕಂಬದ ಪ್ರಶ್ನೆ. 10 ಟನ್ ಒಳಗೆ, ಸಾಧಾರಣ ಸ್ಪ್ಯಾನ್‌ಗೆ ಸಿಂಗಲ್ ಗರ್ಡರ್ ಸಾಕಾಗುತ್ತದೆ. ಹುಕ್ ಗೋಡೆಗೆ ಎಷ್ಟು ಹತ್ತಿರ ಹೋಗುತ್ತದೆ ಅಂತಲೂ ಕೇಳಿ. ಎರಡೂ ಬದಿ ಸುಮಾರು 1 ಮೀಟರ್ ಸಿಗುವುದಿಲ್ಲ. ಆ ಗೋಡೆ ಪಕ್ಕದಲ್ಲೇ ಬಾರ್ ರ್‍ಯಾಕ್ ಇಟ್ಟರೆ ಹುಕ್ ಅಲ್ಲಿಗೆ ತಲುಪುವುದಿಲ್ಲ.

4. ಡ್ಯೂಟಿ ಕ್ಲಾಸ್: ಕೊಟೇಶನ್‌ನಲ್ಲಿ ಯಾರೂ ಓದದ ಸಾಲು

ಎರಡು 5 ಟನ್ ಕ್ರೇನ್‌ಗಳ ರೇಟಿನಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಈ ಸಾಲು ಹುಡುಕಿ. ಐಎಸ್ 13834 ಪ್ರಕಾರ ಎತ್ತುವ ಯಂತ್ರಭಾಗಗಳನ್ನು ಎಂ1ರಿಂದ ಎಂ8ವರೆಗೆ ವಿಂಗಡಿಸುತ್ತಾರೆ. ಹಳಬರು ಇನ್ನೂ ಕ್ಲಾಸ್ 2, ಕ್ಲಾಸ್ 3 ಅನ್ನುತ್ತಾರೆ. ಹಾಯ್ಸ್ಟ್ ಕ್ಯಾಟಲಾಗ್‌ಗಳಲ್ಲಿ ಯುರೋಪಿನ ಫೆಮ್ (ಎಫ್‌ಇಎಂ) ಸ್ಟ್ಯಾಂಡರ್ಡ್‌ನ ಗುರುತು ಇರುತ್ತದೆ. ಅಲ್ಲಿ 1ಎಎಂ ಅಂದರೆ ಎಂ4, 2ಎಂ ಅಂದರೆ ಎಂ5.

ಫೆಮ್ ಲೆಕ್ಕದಲ್ಲಿ ಹಾಯ್ಸ್ಟ್‌ನ ಆಯುಸ್ಸನ್ನು ಪೂರ್ತಿ ಲೋಡಿನಲ್ಲಿ ಓಡುವ ಗಂಟೆಗಳಲ್ಲಿ ಹೇಳುತ್ತಾರೆ. ಎಂ3ಗೆ 400 ಗಂಟೆ, ಎಂ4ಗೆ 800, ಎಂ5ಗೆ 1,600, ಎಂ6ಗೆ 3,200. ಒಂದೊಂದು ಮೆಟ್ಟಿಲಿಗೂ ಎರಡರಷ್ಟು. ನೆನಪಿಡಿ, ಇದು ಪೂರ್ತಿ ಲೋಡಿನ ಗಂಟೆ. ಕಮ್ಮಿ ತೂಕ ಎತ್ತಿದರೆ ಅದು ಇನ್ನೂ ಎಷ್ಟೋ ಪಟ್ಟು ಜಾಸ್ತಿ ದಿನ ಬರುತ್ತದೆ.

ಈಗ ಮೂರು ಶಾಪ್ ನೋಡಿ. ಒಂದು ಟೂಲ್ ರೂಮ್: ದಿನಕ್ಕೆ ಏಳೆಂಟು ಸಲ ಮೋಲ್ಡ್ ಎತ್ತುತ್ತಾರೆ, ಅದೂ ಒಂದೆರಡು ಟನ್. 5 ಟನ್ ಎಂ3 ಅಥವಾ ಎಂ4 ಧಾರಾಳ. ಎರಡನೆಯದು ಫ್ಯಾಬ್ರಿಕೇಶನ್ ಶೆಡ್: ಎರಡು ಶಿಫ್ಟ್, ಪ್ಲೇಟು, ಚಾನಲ್ಲು, ಜಾಬ್ ತಿರುಗಿಸುವುದು, ಇಡೀ ದಿನ ಬಟನ್ ಒತ್ತುತ್ತಲೇ ಇರುತ್ತಾರೆ. ಎಂ5 ಬೇಕು. ಮೂರನೆಯದು ಡೈ ಕಾಸ್ಟಿಂಗ್ ಅಥವಾ ಗ್ರಾನೈಟ್: ಪ್ರತಿ ಸಲವೂ ಮಿತಿಯ ಹತ್ತಿರದ ತೂಕ, ಬಿಸಿ, ಧೂಳು, ನೀರು. ಅಲ್ಲಿ ಎಂ5ಗಿಂತ ಕೆಳಗೆ ಯೋಚಿಸಲೇ ಬೇಡಿ, ಎಂ6 ವಿಚಾರಿಸಿ. ಕರಗಿದ ಲೋಹ ಎತ್ತುವ ಕ್ರೇನ್ ಬೇರೆಯೇ ಜಾತಿ. ಅದಕ್ಕೆ ಬೇರೆ ಸ್ಪೆಸಿಫಿಕೇಶನ್, ಜಾಸ್ತಿ ಬ್ರೇಕ್. ಸಾಮಾನ್ಯ ಹಾಯ್ಸ್ಟ್ ಅಲ್ಲಿಗೆ ಆಗುವುದಿಲ್ಲ.

ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಎಂ3 ಹಾಯ್ಸ್ಟ್ ಹಾಕಿದರೆ ಅದು ಮೊದಲ ದಿನ ಚೆನ್ನಾಗಿಯೇ ಎತ್ತುತ್ತದೆ. ಅದೇ ತೊಂದರೆ. ಆಮೇಲೆ ಬ್ರೇಕ್ ಲೈನಿಂಗ್ ಬೇಗ ಸವೆಯುತ್ತದೆ, ಕಾಂಟ್ಯಾಕ್ಟರ್ (ಮೋಟರಿನ ಸ್ವಿಚ್) ಸುಡುತ್ತದೆ, ಬೇಸಿಗೆಯಲ್ಲಿ ಮೋಟರ್ ಟ್ರಿಪ್ ಆಗುತ್ತದೆ. ಎಲ್ಲರೂ ಕಂಪನಿಯನ್ನು ಬೈಯುತ್ತಾರೆ. ಕ್ಲಾಸ್ ತಪ್ಪಿದ್ದು ಯಾರಿಗೂ ಹೊಳೆಯುವುದಿಲ್ಲ. ದುಡ್ಡು ಮಿತಿಯಲ್ಲಿದ್ದರೆ ಟನ್ ಜಾಸ್ತಿ ಮಾಡುವ ಬದಲು ಕ್ಲಾಸ್ ಜಾಸ್ತಿ ಮಾಡಿ ಅನ್ನುವವನು ನಾನು.

5. ಸ್ಪೀಡು, ಕರೆಂಟು

5 ಟನ್ನನ್ನು ನಿಮಿಷಕ್ಕೆ 4 ಮೀಟರ್ ಎತ್ತಲು ಸುಮಾರು 4 ಕಿಲೋವ್ಯಾಟ್, ಅಂದರೆ ಐದೂವರೆ ಎಚ್‌ಪಿ ಬೇಕು. 8 ಮೀಟರ್ ಬೇಕೆಂದರೆ ಅದರ ಎರಡರಷ್ಟು. ಬೆಸ್ಕಾಂ ಸ್ಯಾಂಕ್ಷನ್ ಲೋಡ್‌ನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. ಜಾಸ್ತಿ ಸ್ಪೀಡ್ ಅಂದರೆ ಜಾಸ್ತಿ ಕೆಲಸ ಅಂತ ತಿಳಿಯಬೇಡಿ. ಮೋಲ್ಡಿನ ಎರಡು ಭಾಗ ಕೂಡಿಸುವಾಗ, ಲೇತಿನ ಚಕ್‌ಗೆ ಜಾಬ್ ಕೂರಿಸುವಾಗ ಬೇಕಾಗುವುದು ನಿಧಾನ. ಅದಕ್ಕೆ ಎರಡು ಸ್ಪೀಡಿನ ಹಾಯ್ಸ್ಟ್ ಅಥವಾ ವಿಎಫ್‌ಡಿ (ಮೋಟರಿನ ಸ್ಪೀಡ್ ಹೆಚ್ಚು ಕಡಿಮೆ ಮಾಡುವ ಡ್ರೈವ್) ತೆಗೆದುಕೊಳ್ಳಿ. ಉದ್ದಕ್ಕೆ ಮತ್ತು ಅಡ್ಡಕ್ಕೆ ಓಡುವ ಮೋಟರುಗಳಿಗೂ ವಿಎಫ್‌ಡಿ ಹಾಕಿಸಿದರೆ ಲೋಡ್ ತೂಗಾಡುವುದು ಕಡಿಮೆ.

ಕರೆಂಟ್ ಹೋದರೆ ಲೋಡ್ ಬೀಳುತ್ತದಾ ಅಂತ ಹೊಸಬರು ಕೇಳುತ್ತಾರೆ. ಬೀಳುವುದಿಲ್ಲ. ಹಾಯ್ಸ್ಟ್‌ನ ಬ್ರೇಕ್ ಕರೆಂಟಿನಿಂದ ಬಿಡುತ್ತದೆ, ಕರೆಂಟ್ ನಿಂತ ತಕ್ಷಣ ಸ್ಪ್ರಿಂಗ್ ಹಿಡಿದುಕೊಳ್ಳುತ್ತದೆ. ಆದರೆ ಲೋಡ್ ನಡು ಆಕಾಶದಲ್ಲೇ ನಿಲ್ಲುತ್ತದೆ. ಮಳೆಗಾಲದ ಸಂಜೆ ಎರಡು ಗಂಟೆ ಪವರ್ ಇಲ್ಲದಿದ್ದರೆ ಅದರ ಕೆಳಗೆ ಯಾರೂ ಬಾರದಂತೆ ಕಾಯಬೇಕು. ಜನರೇಟರ್ ಲೈನಿಗೆ ಕ್ರೇನ್ ಸೇರಿಸಿಡಿ.

ಇಲ್ಲೇ ಒಂದು ಅಪಾಯ ಇದೆ. ಜನರೇಟರ್‌ನ ಅಥವಾ ಟ್ರಾನ್ಸ್‌ಫಾರ್ಮರ್ ರಿಪೇರಿ ಆದ ಮೇಲಿನ ಲೈನಿನ ಫೇಸ್ ಅದಲುಬದಲಾಗಿದ್ದರೆ ಮೋಟರ್ ಉಲ್ಟಾ ತಿರುಗುತ್ತದೆ. "ಕೆಳಗೆ" ಬಟನ್ ಒತ್ತಿದರೆ ಹುಕ್ ಮೇಲೆ ಹೋಗುತ್ತದೆ. ಹುಕ್ ತೀರಾ ಮೇಲೆ ಹೋಗದಂತೆ ತಡೆಯುವ ಲಿಮಿಟ್ ಸ್ವಿಚ್ ಕತ್ತರಿಸುವುದು "ಮೇಲೆ" ಬಟನ್‌ನ ಸರ್ಕ್ಯೂಟನ್ನು ತಾನೇ? ಆ ಹೊತ್ತಿಗೆ ಅದು ಕೆಲಸಕ್ಕೆ ಬರುವುದಿಲ್ಲ. ಹುಕ್ ಬ್ಲಾಕ್ ಡ್ರಮ್ಮಿಗೆ ಬಡಿದು ರೋಪ್ ತುಂಡಾಗಬಹುದು. ಫೇಸ್ ಸೀಕ್ವೆನ್ಸ್ ರಿಲೇ ಅನ್ನುವ ಸಣ್ಣ ಸಾಮಾನು ಇದನ್ನು ತಡೆಯುತ್ತದೆ. ಕೊಟೇಶನ್‌ನಲ್ಲಿ ಇದೆಯಾ ಕೇಳಿ, ಇಲ್ಲದಿದ್ದರೆ ಬರೆಸಿ.

ತೆರೆದ ಆ್ಯಂಗಲ್ ಮೇಲೆ ಕರೆಂಟ್ ಹರಿಸುವ ಹಳೆಯ ಪದ್ಧತಿ ಬೇಡ. ಮುಚ್ಚಿದ ಬಸ್‌ಬಾರ್ ಹಾಕಿಸಿ. ಉದ್ದ ಸಾಮಾನು ಎತ್ತುವವರಿಗೆ ಪೆಂಡೆಂಟ್‌ಗಿಂತ ರೇಡಿಯೋ ರಿಮೋಟ್ ಒಳ್ಳೆಯದು. ಲೋಡಿನಿಂದ ದೂರ ನಿಲ್ಲಬಹುದು.

6. ಕೊಟೇಶನ್, ಸೆಕೆಂಡ್ ಹ್ಯಾಂಡ್, ಸ್ಲಿಂಗ್

ಮೂರೂ ಕೊಟೇಶನ್ ಒಂದೇ ಅಳತೆಯಲ್ಲಿ ಇರಬೇಕು. ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ. ನೀವೇ ಒಂದು ಪುಟ ಬರೆದು ಎಲ್ಲರಿಗೂ ಕಳಿಸಿ: ಟನ್, ಸ್ಪ್ಯಾನ್, ಹುಕ್ ಎತ್ತರ, ಡ್ಯೂಟಿ ಕ್ಲಾಸ್, ಸ್ಪೀಡುಗಳು, ವೀಲ್ ಲೋಡ್, ಐಎಸ್ 807 ಮತ್ತು ಐಎಸ್ 3177 ಪ್ರಕಾರ ಡಿಸೈನ್, ಓವರ್‌ಲೋಡ್ ಲಿಮಿಟರ್, ಹಳಿ ಮತ್ತು ಗ್ಯಾಂಟ್ರಿ ಯಾರದು, ಇಳಿಸಲು ಹೈಡ್ರಾ ಖರ್ಚು ಯಾರದು, ಟೆಸ್ಟ್ ಲೋಡ್ ತರುವವರು ಯಾರು. ಕೊನೆಯ ಮೂರರಲ್ಲೇ ಜಗಳ ಆಗುವುದು.

ಸೆಕೆಂಡ್ ಹ್ಯಾಂಡ್ ಕ್ರೇನ್ ಸಿಗುತ್ತದೆ, ಅಗ್ಗವೂ ಹೌದು. ಆದರೆ ಅದರ ಸ್ಪ್ಯಾನ್ ನಿಮ್ಮ ಶೆಡ್ಡಿಗೆ ಸರಿಹೋಗುವುದು ಅಪರೂಪ. "ಗರ್ಡರ್ ಕಟ್ ಮಾಡಿ ಜಾಯಿಂಟ್ ಹಾಕಿಕೊಡ್ತೀವಿ" ಅಂದರೆ ಕೈ ಮುಗಿದು ಬನ್ನಿ.

ಸ್ಲಿಂಗ್ ಕೊಳ್ಳುವಾಗ ಕೋನ ನೆನಪಿರಲಿ. ಎರಡು ಕಾಲಿನ ಬೆಲ್ಟ್‌ನಲ್ಲಿ 2 ಟನ್ ಎತ್ತಿದರೆ ಒಂದೊಂದಕ್ಕೆ 1 ಟನ್ ಅನ್ನುವುದು ಬೆಲ್ಟ್ ನೇರ ಇದ್ದಾಗ ಮಾತ್ರ. ಅಡ್ಡಗೆರೆಯಿಂದ 60 ಡಿಗ್ರಿ ಇದ್ದರೆ 1.15 ಟನ್, 45 ಡಿಗ್ರಿಗೆ 1.41 ಟನ್. 30 ಡಿಗ್ರಿಗೆ ಇಳಿದರೆ ಒಂದೊಂದು ಬೆಲ್ಟಿಗೂ ಪೂರ್ತಿ 2 ಟನ್.

7. ಟೆಸ್ಟ್, ಕಾಗದ, ಆಪರೇಟರ್

ಕಮಿಷನಿಂಗ್ ದಿನ 125 ಪರ್ಸೆಂಟ್ ಲೋಡ್ ಹಾಕಿಯೇ ಟೆಸ್ಟ್ ಮಾಡಿಸಿ. 5 ಟನ್ ಕ್ರೇನಿಗೆ 6.25 ಟನ್. "ಫ್ಯಾಕ್ಟರಿಯಲ್ಲೇ ಟೆಸ್ಟ್ ಆಗಿದೆ ಸಾರ್" ಅಂದರೆ ಒಪ್ಪಬೇಡಿ. ನಿಮ್ಮ ಕಂಬಕ್ಕೆ ಆ ಟೆಸ್ಟ್ ಆಗಿಲ್ಲವಲ್ಲ. ಟೆಸ್ಟ್ ಮುಗಿಯುವವರೆಗೆ ಕೊನೆಯ ಕಂತು ಕೈಯಲ್ಲೇ ಇಟ್ಟುಕೊಳ್ಳಿ.

1948ರ ಫ್ಯಾಕ್ಟರೀಸ್ ಆಕ್ಟ್‌ನ 29ನೇ ಸೆಕ್ಷನ್‌ನಿಂದ ನಡೆದುಬಂದ ನಿಯಮ ಹೀಗಿದೆ. ಕ್ರೇನ್, ಚೈನ್, ರೋಪ್, ಸ್ಲಿಂಗ್ ಎಲ್ಲವನ್ನೂ 12 ತಿಂಗಳಿಗೊಮ್ಮೆಯಾದರೂ ಕಾಂಪಿಟೆಂಟ್ ಪರ್ಸನ್ (ಇಲಾಖೆ ಮಾನ್ಯ ಮಾಡಿದ ಪರೀಕ್ಷಕರು) ಪರೀಕ್ಷೆ ಮಾಡಿ ರಿಜಿಸ್ಟರ್‌ನಲ್ಲಿ ಬರೆಯಬೇಕು. ಸುರಕ್ಷಿತ ಭಾರ ಎಷ್ಟು ಅಂತ ಕ್ರೇನ್ ಮೇಲೆ ಎದ್ದು ಕಾಣುವ ಹಾಗೆ ಬರೆದಿರಬೇಕು. ಹಳಿ ಹತ್ತಿರ ಯಾರಾದರೂ ಕೆಲಸ ಮಾಡುತ್ತಿದ್ದರೆ ಕ್ರೇನ್ ಅವರಿಂದ 6 ಮೀಟರ್ ಒಳಗೆ ಬರಬಾರದು. ಟ್ಯೂಬ್‌ಲೈಟ್ ಬದಲಿಸಲು ಏಣಿ ಹತ್ತಿದವನಿಗೂ ಇದು ಅನ್ವಯ. ಹೊಸ ಲೇಬರ್ ಕೋಡ್‌ಗಳಿಂದ ಫಾರಂ, ಸೆಕ್ಷನ್ ನಂಬರುಗಳ ವಿಷಯದಲ್ಲಿ ಗೊಂದಲ ಆದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯವರನ್ನೇ ಕೇಳಿ.

ಕ್ರೇನ್ ಬಂದ ದಿನವೇ ಹುಕ್ಕಿನ ಬಾಯಿಯ ಅಳತೆ ಮತ್ತು ರೋಪಿನ ಡಯಾ ವರ್ನಿಯರ್‌ನಲ್ಲಿ ತೆಗೆದು ಬರೆದಿಡಿ. ಮುಂದಿನ ವರ್ಷ ಹುಕ್ ಹಿಗ್ಗಿದೆಯಾ, ರೋಪ್ ಸವೆದಿದೆಯಾ ಅಂತ ಹೇಳಲು ಬೇರೆ ಆಧಾರ ಇರುವುದಿಲ್ಲ. ಪೆಂಡೆಂಟ್ ಯಾರ ಕೈಗೆ ಕೊಡಬೇಕು ಅನ್ನುವುದನ್ನೂ ಅಂದೇ ತೀರ್ಮಾನಿಸಿ. ಶಿಫ್ಟಿಗೆ ಇಬ್ಬರಿಗೆ ಟ್ರೈನಿಂಗ್ ಕೊಡಿಸಿ, ಅವರ ಹೆಸರು ಕಂಬದ ಮೇಲೆ ಬರೆಸಿ, ಬೀಗದ ಕೀ ಅವರ ಹತ್ತಿರ ಮಾತ್ರ ಇರಲಿ. ಬ್ರೇಕ್ ಲೈನಿಂಗ್ ಒಂದು ಸೆಟ್, ಕಾಂಟ್ಯಾಕ್ಟರ್ ಎರಡು, ಪೆಂಡೆಂಟ್ ಬಟನ್ ನಾಲ್ಕು ಆರ್ಡರ್ ಜೊತೆಗೇ ತರಿಸಿಡಿ. ಆಮೇಲೆ ಕೇಳಿದರೆ ರೇಟೂ ಬೇರೆ, ಕಾಯುವ ದಿನವೂ ಬೇರೆ.